ಟಿಶ್ಯೂ ಡಬ್ಬಿ ಹಿಡಿದು ಬಂದ ಚಕ್ರವರ್ತಿ

ಕೈಯಲ್ಲಿ ಲಾಂಗಿಲ್ಲ, ಮಚ್ಚಿಲ್ಲ, ಕೊನೇ ಪಕ್ಷ ಒಂದು ದೊಣ್ಣೆಯೂ ಇಲ್ಲ. ಇರುವುದು ಟಿಶ್ಯೂ ಪೇಪರ್ ಡಬ್ಬಿ! ಊಟದ ಟೇಬಲ್ಲಿನ ಮೇಲೋ ಕಾರಿನ ಡ್ಯಾಶ್‌ಬೋರ್ಡಿನ ಮೇಲೋ ಬಿದ್ದಿರುತ್ತದಲ್ಲ, ಅಂಥದ್ದೇ ಒಂದು ಡಬ್ಬಿ. ಅದನ್ನು ಹಿಡಿದುಕೊಂಡು ನರೆತ ಗಡ್ಡದ ಮನುಷ್ಯನೊಬ್ಬ ನಡೆದು ಬರುತ್ತಾನೆ. ಓಡುವುದಿಲ್ಲ, ಕೂಗುವುದಿಲ್ಲ, ತೊಡೆ ತಟ್ಟುವುದಿಲ್ಲ. ಹಿಂದೆ ಅವನ ಹುಡುಗರು, ಅವರ ಹಿಂದೆ ಅನಿರುದ್ಧ್ ಸಂಗೀತದ ಗುಡುಗು. ಅಷ್ಟೇ! ಅಷ್ಟಕ್ಕೇ ಚೆನ್ನೈ, ಮದುರೈ, ಕೊಯಮತ್ತೂರಿನ ಥಿಯೇಟರುಗಳಲ್ಲಿ ಜನ ಸೀಟು ಬಿಟ್ಟು ಎದ್ದು ನಿಂತರು. ಕನ್ನಡದ ಒಂದು ಸಿನಿಮಾವನ್ನೂ ನೋಡಿರದವರು ಶಿಳ್ಳೆ ಹೊಡೆದರು. ಮನೆಗೆ ಹೋದವರು ಮೊದಲು ಹುಡುಕಿದ್ದು ಒಂದೇ ಪ್ರಶ್ನೆಗೆ ಉತ್ತರ: ಯಾರಪ್ಪಾ ಈ ಮನುಷ್ಯ?

ಯಾರು ಅಂತೀರಾ! ನಮ್ಮ ಶಿವಣ್ಣ, ಶಿವರಾಜ್‌ಕುಮಾರ್!

2023ರ ಆಗಸ್ಟ್ 10, ಗುರುವಾರ. ರಜನಿಕಾಂತ್ ಅವರ ‘ಜೈಲರ್’ ಬಿಡುಗಡೆಯಾದ ದಿನ. ತಮಿಳುನಾಡಿನಲ್ಲಿ ಬೆಳಿಗ್ಗೆ ಒಂಬತ್ತರ ಮೊದಲು ಆಟ ಶುರು ಮಾಡುವಂತಿರಲಿಲ್ಲ. ಬೆಂಗಳೂರಿನಲ್ಲಿ ಆ ಕಟ್ಟು ಇರಲಿಲ್ಲ, ಇಲ್ಲಿ ಬೆಳಗಿನ ಜಾವಕ್ಕೇ ಪರದೆ ಬೆಳಗಿತು. ಹಾಗಾಗಿ ಗಡಿಯಾಚೆಯ ಅಭಿಮಾನಿಗಳು ಎಷ್ಟೋ ಜನ ತಲೈವರನ್ನು ಮೊದಲು ನೋಡುವ ಆಸೆಗೆ ರಾತ್ರೋರಾತ್ರಿ ಬೆಂಗಳೂರಿಗೇ ಬಂದರು. ಕೆಲವು ಕಂಪನಿಗಳು ನೌಕರರಿಗೆ ರಜೆಯನ್ನೇ ಕೊಟ್ಟುಬಿಟ್ಟವು. ಇಷ್ಟೆಲ್ಲ ಸಂಭ್ರಮ ರಜನಿಯವರಿಗಾಗಿ, ಅದರಲ್ಲಿ ಎರಡು ಮಾತಿಲ್ಲ. ಶಿವರಾಜ್‌ಕುಮಾರ್ ಈ ಚಿತ್ರದಲ್ಲಿ ಇದ್ದಾರೆ ಎಂಬುದೂ ಗುಟ್ಟಾಗಿರಲಿಲ್ಲ. ಸುದ್ದಿ ಬಂದಿತ್ತು, ಪೋಸ್ಟರ್ ಬಂದಿತ್ತು. ಆದರೆ ದೊಡ್ಡ ನಟರ ಚಿತ್ರದಲ್ಲಿ ಪಕ್ಕದ ರಾಜ್ಯದ ನಟ ಬಂದರೆ ಏನಾಗುತ್ತದೆ ಎಂಬುದು ನಮಗೆ ಅಭ್ಯಾಸವಾಗಿಹೋಗಿದೆ. ಒಂದು ನಮಸ್ಕಾರ, ಎರಡು ಡೈಲಾಗು, ಒಂದು ಹೆಗಲಪ್ಪುಗೆ, ಮುಗಿಯಿತು. ಕರ್ನಾಟಕದಲ್ಲಿ ನಾಲ್ಕು ಟಿಕೆಟ್ ಹೆಚ್ಚು ಮಾರಲಿ ಎಂದು ಹಾಕಿಕೊಂಡಿದ್ದಾರೆ ಎಂದು ಗೊಣಗಿ ಹೊರಬರುತ್ತೇವೆ. ಈ ಸಲವೂ ಹಾಗೇ ಆಗಬಹುದೆಂದು ಮನಸ್ಸು ಗಟ್ಟಿ ಮಾಡಿಕೊಂಡೇ ಹೋದವರಿಗೆ ಸಿಕ್ಕಿದ್ದು ನೋಡಿ, ಅದು ಮಜಾ!

ಬೆಂಗಳೂರಿನ ಒಂದು ಹಳೇ ಥಿಯೇಟರಿನಲ್ಲಿ, ಬಾಲ್ಕನಿಯಲ್ಲಿ ಕೂತು ನೋಡಿದೆ. ಕೆಳಗಿನ ಸಾಲುಗಳಲ್ಲಿ ಅರ್ಧ ತಮಿಳು, ಅರ್ಧ ಕನ್ನಡ. ರಜನಿ ಬಂದಾಗ ಕಾಗದದ ಚೂರು ಮಳೆಯಂತೆ ಸುರಿಯಿತು, ಅದು ನಿರೀಕ್ಷೆಯಿದ್ದದ್ದೇ. ನರಸಿಂಹನ ಪಾತ್ರದಲ್ಲಿ ಶಿವಣ್ಣನ ಮುಖ ಪರದೆ ಮೇಲೆ ಬಂತು. ಮೊದಲು ಎದ್ದದ್ದು ಕನ್ನಡದ ಹುಡುಗರು, ‘ಶಿವಣ್ಣಾ!’ ಎಂದು ಗಂಟಲು ಹರಿಯುವ ಹಾಗೆ. ಅದೂ ನಿರೀಕ್ಷೆಯಿದ್ದದ್ದೇ. ಆದರೆ ಚಿತ್ರದ ಕೊನೆಯಲ್ಲಿ ಆ ಡಬ್ಬಿ ಹಿಡಿದ ನಡಿಗೆ ಬಂದಾಗ ಕೂಗು ಯಾವ ಸಾಲಿನಿಂದ ಬಂತು, ಯಾವ ಭಾಷೆಯಲ್ಲಿ ಬಂತು ಎಂದು ಬಿಡಿಸಿ ಹೇಳಲು ಆಗಲಿಲ್ಲ. ನನ್ನ ಮುಂದಿನ ಸಾಲಿನಲ್ಲಿ ರಜನಿ ಚಿತ್ರವಿದ್ದ ಟೀ ಶರ್ಟು ತೊಟ್ಟ ಒಬ್ಬ ಹುಡುಗ ಎರಡೂ ಕೈ ತಲೆಯ ಮೇಲಿಟ್ಟುಕೊಂಡು, ಬಾಯಿ ತೆರೆದು, ಪರದೆಯನ್ನೇ ನೋಡುತ್ತಾ ನಿಂತುಬಿಟ್ಟಿದ್ದ. ಪಕ್ಕದವನು ಎಳೆದು ಕೂರಿಸಬೇಕಾಯಿತು. ನೆಚ್ಚಿನ ನಟನನ್ನು ಕಂಡ ಖುಷಿ ನಮಗೆ ಗೊತ್ತು. ಗೊತ್ತೇ ಇಲ್ಲದ ನಟನೊಬ್ಬ ಕಣ್ಣೆದುರೇ ನೆಚ್ಚಿನವನಾಗಿಬಿಡುವ ಕ್ಷಣ ಇದೆಯಲ್ಲ, ಅದನ್ನು ಇನ್ನೊಬ್ಬರ ಮುಖದಲ್ಲಿ ನೋಡುವ ಭಾಗ್ಯ ಎಲ್ಲರಿಗೂ ಸಿಗುವುದಿಲ್ಲ.

ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. ಮುತ್ತುವೇಲ್ ಪಾಂಡಿಯನ್ ನಿವೃತ್ತ ಜೈಲರ್. ಹೆಂಡತಿ ವಿಜಿ, ಪೊಲೀಸ್ ಅಧಿಕಾರಿಯಾಗಿರುವ ಮಗ, ಸೊಸೆ, ಯೂಟ್ಯೂಬ್ ವಿಡಿಯೊ ಮಾಡುವ ಮೊಮ್ಮಗ. ಮೊಮ್ಮಗನ ವಿಡಿಯೊಗಳಿಗೆ ತಾತನೇ ಸಹಾಯಕ. ಮನೆಯಲ್ಲಿ ಎಲ್ಲರೂ ಹೇಳಿದ್ದನ್ನು ಕೇಳಿಕೊಂಡು, ನಕ್ಕು ತಲೆಯಾಡಿಸಿಕೊಂಡಿರುವ ಸಾಧು ಪ್ರಾಣಿ. ವಿಗ್ರಹ ಕಳ್ಳಸಾಗಣೆಯ ಜಾಲವನ್ನು ಬೆನ್ನುಹತ್ತಿದ ಮಗ ಕಾಣೆಯಾದಾಗ, ಆ ಸಾಧು ತಾತನೊಳಗಿನ ತಿಹಾರ್ ಜೈಲಿನ ಹುಲಿ ಕಣ್ಣು ಬಿಡುತ್ತದೆ. ವಿನಾಯಕನ್ ಮಾಡಿರುವ ಖಳನಾಯಕ ವರ್ಮನ್‌ನಿಂದ ಮನೆಯವರನ್ನು ಕಾಪಾಡಬೇಕು. ಆಗ ಮುತ್ತುವೇಲ್ ನೆನಪಿಸಿಕೊಳ್ಳುವುದು ಜೈಲಿನಲ್ಲಿ ತನಗೆ ಗುರುತಾಗಿದ್ದ ಹಳೇ ಕೈದಿಗಳನ್ನು. ಮೋಹನ್‌ಲಾಲ್ ಅವರ ಮ್ಯಾಥ್ಯೂ, ಜಾಕಿ ಶ್ರಾಫ್ ಅವರ ಕಾಮದೇವ್, ಮತ್ತು ನಮ್ಮ ಮಂಡ್ಯದ ನರಸಿಂಹ. ಹೌದು, ಮಂಡ್ಯ! ರಜನಿಕಾಂತ್ ಕಷ್ಟದಲ್ಲಿದ್ದಾಗ ಮಂಡ್ಯದ ಕಡೆ ನೋಡುತ್ತಾರೆ ಎಂಬುದೇ ಅರ್ಧ ಚಿತ್ರಮಂದಿರಕ್ಕೆ ಹಬ್ಬವಾಗಿತ್ತು.

ಇದನ್ನು ಆ್ಯಕ್ಷನ್ ಚಿತ್ರ ಎಂದು ಹಲವರು ಕರೆಯುತ್ತಾರೆ. ನನಗೆ ಇದು ಮೊದಲಿಗೆ ಹಾಸ್ಯ ಚಿತ್ರ. ನಿರ್ದೇಶಕ ನೆಲ್ಸನ್ ದಿಲೀಪ್‌ಕುಮಾರ್ ಮಾಡುವುದೇ ಹಾಗೆ. 2018ರ ‘ಕೋಲಮಾವು ಕೋಕಿಲ’ ನೋಡಿ, 2021ರ ‘ಡಾಕ್ಟರ್’ ನೋಡಿ. ರಕ್ತ ಹರಿಯುವ ಕಡೆಯೇ ನಗು ಹುಟ್ಟುತ್ತದೆ. ಯಾರೂ ನಗಿಸಲು ಪ್ರಯತ್ನಿಸುವುದಿಲ್ಲ, ಮುಖ ಗಂಟಿಕ್ಕಿಕೊಂಡು ನಿಂತಿರುತ್ತಾರೆ, ಆ ನಿಂತ ಭಂಗಿಗೇ ನಗು ಬಂದುಬಿಡುತ್ತದೆ. ‘ಜೈಲರ್’ನಲ್ಲಿ ಯೋಗಿ ಬಾಬು ಅವರ ಟ್ಯಾಕ್ಸಿ ಡ್ರೈವರ್ ರಜನಿಯ ಪಕ್ಕ ಕೂತು ಬೆವರುವ ದೃಶ್ಯಗಳನ್ನು ನೆನಪಿಸಿಕೊಳ್ಳಿ, ಕೊಲೆಯ ನಡುವೆ ಹೊಟ್ಟೆ ಹುಣ್ಣಾಗುವಷ್ಟು ನಗು. ಇಂಥ ಚಿತ್ರದಲ್ಲಿ ಅತಿಥಿ ಪಾತ್ರಕ್ಕೆ ಸಿಗುವ ಬಲವೇ ಬೇರೆ. ನೋಡುವವರು ನಗುತ್ತಾ ಮೈ ಸಡಿಲ ಬಿಟ್ಟು ಕೂತಿರುತ್ತಾರೆ, ಮುಂದೇನು ಬರುತ್ತದೋ ಎಂಬ ಲೆಕ್ಕಾಚಾರ ಇರುವುದಿಲ್ಲ. ಆಗ ಬಾಗಿಲು ತೆಗೆದುಕೊಂಡು ಒಬ್ಬ ಬಂದು ನಿಂತರೆ ಎದೆ ಝಲ್ಲೆನ್ನದೆ ಇರುತ್ತದೆಯೇ?

ಹಾಸ್ಯ ಚಿತ್ರಗಳಲ್ಲಿ ಈ ಚಮತ್ಕಾರ ಎಲ್ಲ ಕಡೆ ನಡೆದಿದೆ. 2008ರ ‘ಟ್ರಾಪಿಕ್ ಥಂಡರ್’ನಲ್ಲಿ ಬೋಳು ತಲೆ, ದಪ್ಪ ಕೈಗಳ ಒರಟು ನಿರ್ಮಾಪಕ ಕುಣಿಯುವುದನ್ನು ನೋಡಿ ಬಿದ್ದು ಬಿದ್ದು ನಕ್ಕವರಿಗೆ, ಅದು ಟಾಮ್ ಕ್ರೂಸ್ ಎಂದು ಗೊತ್ತಾದಾಗ ಆದ ಬೆರಗು ಸಣ್ಣದಲ್ಲ. ಮರುವರ್ಷ ಬಂದ ‘ಝಾಂಬಿಲ್ಯಾಂಡ್’ನಲ್ಲಿ ಬಿಲ್ ಮರ್ರೆ ಬಿಲ್ ಮರ್ರೆಯಾಗಿಯೇ ಬರುತ್ತಾರೆ. ಪ್ರೇತಗಳ ಊರಲ್ಲಿ ಬದುಕುಳಿಯಲು ತಾನೂ ಪ್ರೇತದ ವೇಷ ಹಾಕಿಕೊಂಡು, ಅದೇ ವೇಷದಲ್ಲಿ ತಮಾಷೆಗೆ ಹೆದರಿಸಲು ಹೋಗಿ ಗುಂಡೇಟು ತಿಂದು ಸಾಯುತ್ತಾರೆ, ಸಾಯುವಾಗಲೂ ನಗಿಸುತ್ತಾರೆ. ನಮ್ಮಲ್ಲೇ, ‘ಜೈಲರ್’ಗಿಂತ ಮೂರು ವಾರ ಮೊದಲು, 2023ರ ಜುಲೈ 21ಕ್ಕೆ ಬಂದ ‘ಹಾಸ್ಟೆಲ್ ಹುಡುಗರು ಬೇಕಾಗಿದ್ದಾರೆ’ ಚಿತ್ರದ ಹುಚ್ಚಾಟದ ನಡುವೆ ರಮ್ಯಾ, ರಿಷಬ್ ಶೆಟ್ಟಿ, ದಿಗಂತ್, ಪವನ್ ಕುಮಾರ್ ಪ್ರತ್ಯಕ್ಷರಾದಾಗ ಕಾಲೇಜು ಹುಡುಗರು ಎದ್ದು ಕುಣಿದದ್ದನ್ನು ಕಂಡಿದ್ದೇವೆ. ಇವೆಲ್ಲ ಸರಿ. ಆದರೆ ಇಲ್ಲೆಲ್ಲ ಬಂದವರು ನೋಡುವವರಿಗೆ ಚಿರಪರಿಚಿತರು. ಗುರುತು ಸಿಕ್ಕಿದ್ದೇ ಆನಂದ. ಗುರುತೇ ಇಲ್ಲದ ಕಡೆ ಹೋಗಿ ನಿಂತು ಇದೇ ಆನಂದವನ್ನು ಹುಟ್ಟಿಸಿದ್ದು ಶಿವಣ್ಣ, ಅದೇ ನನ್ನನ್ನು ಇವತ್ತಿಗೂ ಬಿಡದೆ ಕಾಡುವ ವಿಸ್ಮಯ.

ಹೇಗೆ ಸಾಧ್ಯವಾಯಿತು ಇದು? ಹುಡುಕುತ್ತಾ ಹೋದರೆ ಒಂದೊಂದೇ ಎಳೆ ಸಿಗುತ್ತಾ ಹೋಗುತ್ತದೆ, ಒಂದಕ್ಕಿಂತ ಒಂದು ಬೆರಗು!

ಮೊದಲನೆಯದಾಗಿ, ಶಿವಣ್ಣನಿಗೆ ಮದ್ರಾಸು ಪರ ಊರಲ್ಲವೇ ಅಲ್ಲ. 1962ರ ಜುಲೈ 12ರಂದು ಅವರು ಹುಟ್ಟಿದ್ದು ಅಲ್ಲಿ, ಬೆಳೆದದ್ದು ಅಲ್ಲಿ. ಆಗ ಕನ್ನಡ ಚಿತ್ರರಂಗದ ಬೇರೆಲ್ಲ ಮದ್ರಾಸಿನ ಸ್ಟುಡಿಯೊಗಳಲ್ಲೇ ಇತ್ತು, ಅಪ್ಪ ಡಾ. ರಾಜ್‌ಕುಮಾರ್ ಅವರ ಸಂಸಾರವೂ ಅಲ್ಲೇ. ನಟನಾಗು ಎಂದು ಹುಡುಗನ ಬೆನ್ನು ತಟ್ಟಿ ಅಭಿನಯ ಶಾಲೆಗೆ ಸೇರಲು ಒತ್ತಾಯಿಸಿದವರು ಕೆ. ಬಾಲಚಂದರ್. ಅದೇ ಬಾಲಚಂದರ್ ತಾನೇ 1975ರ ‘ಅಪೂರ್ವ ರಾಗಂಗಳ್’ನಲ್ಲಿ ಬೆಂಗಳೂರಿನ ಶಿವಾಜಿರಾವ್ ಗಾಯಕವಾಡ್ ಎಂಬ ಬಸ್ ಕಂಡಕ್ಟರನ್ನು ರಜನಿಕಾಂತ್ ಮಾಡಿದ್ದು! ಬೆಂಗಳೂರಿನ ಹುಡುಗ ಮದ್ರಾಸಿಗೆ ಹೋಗಿ ತಮಿಳರ ದೇವರಾದ, ಮದ್ರಾಸಿನ ಹುಡುಗ ಬೆಂಗಳೂರಿಗೆ ಬಂದು ಕನ್ನಡಿಗರ ದೊರೆಯಾದ. ಇಬ್ಬರ ಬೆನ್ನ ಮೇಲೂ ಬಿದ್ದದ್ದು ಒಂದೇ ಕೈ. ಇದನ್ನು ಯಾರಾದರೂ ಕಥೆಯಲ್ಲಿ ಬರೆದಿದ್ದರೆ ಇಷ್ಟೊಂದು ಕಾಕತಾಳೀಯ ಬೇಡ ಮಾರಾಯ ಎನ್ನುತ್ತಿದ್ದೆವು.

ಅಂದರೆ ಹುಟ್ಟಿದ ಊರಿನ ಭಾಷೆಯಲ್ಲಿ ಶಿವಣ್ಣ ಮೊದಲ ಬಾರಿ ನಟಿಸಿದ್ದು ‘ಜೈಲರ್’ನಲ್ಲಿ, ಅರವತ್ತೊಂದು ತುಂಬಿದ ಮೇಲೆ ತೆರೆಗೆ ಬಂದ ಚಿತ್ರದಲ್ಲಿ. 1986ರಲ್ಲಿ ಸಿಂಗೀತಂ ಶ್ರೀನಿವಾಸ ರಾವ್ ಅವರ ‘ಆನಂದ್’, ಅದರ ಬೆನ್ನಿಗೇ ‘ರಥಸಪ್ತಮಿ’, ‘ಮನಮೆಚ್ಚಿದ ಹುಡುಗಿ’, ಮೂರಕ್ಕೆ ಮೂರೂ ಗೆದ್ದು ಹ್ಯಾಟ್ರಿಕ್ ಹೀರೊ ಆದರು. ಅಲ್ಲಿಂದ ಹಿಡಿದು 2022ರ ‘ವೇದ’ದ ಹೊತ್ತಿಗೆ ನೂರಿಪ್ಪತ್ತೈದು ಚಿತ್ರಗಳು. ಅಷ್ಟರಲ್ಲಿ ಒಂದೂ ತಮಿಳಲ್ಲ!

ಎರಡನೇ ಎಳೆ ಸಿಕ್ಕಾಗ ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಶಿವಣ್ಣ ಹೋಗಿರಲಿಲ್ಲ ನಿಜ, ಆದರೆ ಅವರ ಪಾತ್ರಗಳು ಎಂದೋ ಗಡಿ ದಾಟಿದ್ದವು. ಪ್ರೇಮ್ ನಿರ್ದೇಶನದ ‘ಜೋಗಿ’ 2005ರಲ್ಲಿ ಕರ್ನಾಟಕವನ್ನು ಹೇಗೆ ಅಲ್ಲಾಡಿಸಿತು ಎಂದು ಹೇಳಬೇಕಿಲ್ಲ. ತಾಯಿಯನ್ನು ಊರಲ್ಲಿ ಬಿಟ್ಟು ಬೆಂಗಳೂರಿಗೆ ಬಂದು ರೌಡಿಯಾಗುವ ಮಾದೇಶ. ಅದೇ ಕಥೆ 2007ರಲ್ಲಿ ತಮಿಳಿನಲ್ಲಿ ‘ಪರಟ್ಟೈ ಎಂಗಿರ ಅಳಗು ಸುಂದರಂ’ ಆಯಿತು, ಶಿವಣ್ಣನ ಜಾಗದಲ್ಲಿ ಧನುಷ್. ಉಪೇಂದ್ರ ನಿರ್ದೇಶನದ 1995ರ ‘ಓಂ’ ತೆಲುಗಿಗೆ ಹೋಯಿತು, ಹಿಂದಿಗೂ ಹೋಗಿ ‘ಅರ್ಜುನ್ ಪಂಡಿತ್’ ಆಯಿತು. ಇನ್ನು ನರ್ತನ್ ನಿರ್ದೇಶನದ 2017ರ ‘ಮಫ್ತಿ’ ಇದೆಯಲ್ಲ, ಅದು ತಮಿಳಿನಲ್ಲಿ ‘ಪತ್ತು ತಲ’ ಎಂದು ತೆರೆಕಂಡದ್ದು ಯಾವಾಗ ಗೊತ್ತೇ? 2023ರ ಮಾರ್ಚ್ 30! ‘ಜೈಲರ್’ಗೆ ಸರಿಯಾಗಿ ನಾಲ್ಕು ತಿಂಗಳು ಹನ್ನೊಂದು ದಿನ ಮೊದಲು. ಶಿವಣ್ಣ ಮಾಡಿದ್ದ ಭೈರತಿ ರಣಗಲ್ ಪಾತ್ರವನ್ನು ಅಲ್ಲಿ ಮಾಡಿದ್ದು ಸಿಲಂಬರಸನ್. ಅಂದರೆ ಮಾರ್ಚಿನಲ್ಲಿ ತಮಿಳು ಪ್ರೇಕ್ಷಕರು ನೆರಳು ನೋಡಿದ್ದರು, ಆಗಸ್ಟಿನಲ್ಲಿ ಆ ನೆರಳಿನ ಮನುಷ್ಯನೇ ಎದುರಿಗೆ ಬಂದು ನಿಂತ. ಎಷ್ಟು ಜನಕ್ಕೆ ಈ ನಂಟು ಹೊಳೆಯಿತೋ, ಆದರೆ ಗೊತ್ತಿದ್ದವರು ಆವತ್ತು ಕೂಗಿದ ಕೂಗೇ ಬೇರೆ.

‘ಮಫ್ತಿ’ಯ ಹೆಸರು ಬಂದದ್ದರಿಂದ ಇಲ್ಲೊಂದಿಷ್ಟು ಹೊತ್ತು ನಿಲ್ಲಲೇಬೇಕು. ಏಕೆಂದರೆ ನರಸಿಂಹನ ನಡಿಗೆ ಹುಟ್ಟಿದ್ದು ಅಲ್ಲಿ ಎಂಬುದು ನನ್ನ ಬಲವಾದ ನಂಬಿಕೆ.

ಶಿವಣ್ಣ ಎಂದರೆ ಕನ್ನಡಿಗರಿಗೆ ಮೊದಲು ನೆನಪಾಗುವುದು ಆ ಎನರ್ಜಿ. ಅವರು ಕುಣಿದರೆ ವೇದಿಕೆ ನಡುಗುತ್ತದೆ, ಇವತ್ತಿಗೂ ಇಪ್ಪತ್ತರ ಹುಡುಗರು ಅವರ ಪಕ್ಕದಲ್ಲಿ ಏದುಸಿರು ಬಿಡುತ್ತಾರೆ. ‘ಓಂ’ನ ಸತ್ಯ ನಿಂತಲ್ಲಿ ನಿಲ್ಲುವವನಲ್ಲ, ‘ಟಗರು’ ಹೆಸರೇ ಹೇಳುವಂತೆ ಗುಮ್ಮಲು ಓಡುವವನು. ಇಂಥ ನಟನನ್ನು ‘ಮಫ್ತಿ’ಯಲ್ಲಿ ನರ್ತನ್ ಕೂರಿಸಿಬಿಟ್ಟರು. ಕಪ್ಪು ಅಂಗಿ, ಕಪ್ಪು ಪಂಚೆ, ಮಾತು ಕಡಿಮೆ. ಚಿತ್ರದ ಅರ್ಧದಷ್ಟು ಹೊತ್ತು ಎಲ್ಲರ ಬಾಯಲ್ಲೂ ಅವನ ಹೆಸರೇ, ಆದರೆ ಅವನೇ ಕಾಣುವುದಿಲ್ಲ. ಕಾಯಿಸಿ ಕಾಯಿಸಿ ಕೊನೆಗೆ ಇಂಟರ್‌ವೆಲ್ ಹತ್ತಿರ ಆ ಕಣ್ಣುಗಳನ್ನು ತೋರಿಸುತ್ತಾರೆ. ಅಬ್ಬಾ, ಆ ಕಣ್ಣು! ರೆಪ್ಪೆ ಮಿಟುಕದೆ ನೋಡುವ, ಸಿಟ್ಟಿನ ತಳದಲ್ಲಿ ಎಲ್ಲೋ ದುಃಖ ಇಟ್ಟುಕೊಂಡ ಕಣ್ಣು. ಅಷ್ಟು ವರ್ಷ ಓಡಿದ್ದು, ಕುಣಿದದ್ದು, ಹೊಡೆದಾಡಿದ್ದು ಎಲ್ಲವೂ ಆ ಕೂತ ದೇಹದೊಳಗೇ ಇದೆ, ಯಾವ ಕ್ಷಣದಲ್ಲಾದರೂ ಸಿಡಿಯಬಹುದು ಎಂದು ನೋಡುವವರಿಗೆ ಗೊತ್ತು. ಸಿಡಿಯದೆ ಇರುವುದೇ ಭಯ.

ನೆಲ್ಸನ್ ಅವರ ಹಾಸ್ಯಕ್ಕೆ ಬೇಕಾಗಿದ್ದುದೂ ಸರಿಯಾಗಿ ಅದೇ! ಅಲ್ಲಾಡದ ಮುಖ, ಅವಸರವಿಲ್ಲದ ಕೈಕಾಲು. ನರಸಿಂಹ ಮೊದಲು ಚಿತ್ರದೊಳಗೆ ಕೆಲಸ ಮಾಡುವುದು ತಾನು ಕಾಣಿಸಿಕೊಳ್ಳದೆಯೇ. ಮುತ್ತುವೇಲ್ ಮನೆಗೆ ನುಗ್ಗಿದ ರೌಡಿಗಳು ಎಲ್ಲಿಂದಲೋ ಹಾರಿ ಬಂದ ಗುಂಡಿಗೆ ಒಬ್ಬೊಬ್ಬರಾಗಿ ಉರುಳುತ್ತಾರೆ. ದೂರದಲ್ಲೆಲ್ಲೋ ಗುರಿಯಿಟ್ಟು ಕಾವಲು ಕೂತಿರುವವರು ನರಸಿಂಹನ ಹುಡುಗರು. ಮನೆಯವರು ಬೆಪ್ಪಾಗಿ ನೋಡುತ್ತಾರೆ, ಮುತ್ತುವೇಲ್ ಮಾತ್ರ ತಣ್ಣಗಿರುತ್ತಾನೆ. ಆ ಗಾಂಭೀರ್ಯಕ್ಕೆ ಒಂದೇ ಸಲ ನಗುವೂ ಬರುತ್ತದೆ, ಮೈ ರೋಮವೂ ನಿಲ್ಲುತ್ತದೆ. ಮುಂದೆ ನರಸಿಂಹ ತಾನೇ ಬರುವಾಗ ಕೈಗೆ ಆಯುಧ ಕೊಟ್ಟಿದ್ದರೆ ಅದು ಇನ್ನೊಂದು ಹೀರೊ ಎಂಟ್ರಿ ಆಗುತ್ತಿತ್ತು, ನಾಳೆಗೆ ಮರೆತುಹೋಗುತ್ತಿತ್ತು. ಕೊಟ್ಟದ್ದು ಟಿಶ್ಯೂ ಡಬ್ಬಿ. ಕೈ ಕೊಳೆಯಾದರೆ ಒರೆಸಿಕೊಳ್ಳಲಿಕ್ಕೆ! ಏನು ನಡೆಯಲಿದೆ ಎಂದು ಅವನಿಗೆ ಮೊದಲೇ ಗೊತ್ತು, ಅದಕ್ಕೆ ಮುಂಚೆಯೇ ಸಿದ್ಧತೆ ಮಾಡಿಕೊಂಡು ಬಂದಿದ್ದಾನೆ ಎಂದು ಪ್ರೇಕ್ಷಕನ ತಲೆಗೆ ಹೊಳೆಯುವ ಆ ಕ್ಷಣ ಇದೆಯಲ್ಲ, ನನ್ನ ಮಟ್ಟಿಗೆ ಅದು ಇಡೀ ಚಿತ್ರದ ಅತ್ಯುತ್ತಮ ಹಾಸ್ಯ. ಒಂದು ಸಾಲು ಸಂಭಾಷಣೆ ಬೇಡ, ಒಂದು ಕೀಟಲೆ ಬೇಡ. ಆ ಮನುಷ್ಯನ ಮುಖದಲ್ಲಿ ನಗುವಿನ ಗೆರೆಯೇ ಇಲ್ಲ, ಮದುವೆ ಮನೆಗೆ ಬಂದ ಹಿರಿಯನಷ್ಟೇ ಸಾವಧಾನ. ಚಿತ್ರಮಂದಿರದಲ್ಲಿ ಮಾತ್ರ ಕೋಲಾಹಲ.

ಛಾಯಾಗ್ರಾಹಕ ವಿಜಯ್ ಕಾರ್ತಿಕ್ ಕಣ್ಣನ್ ಅವರಿಗೂ ಅನಿರುದ್ಧ್ ಅವರಿಗೂ ಇದರಲ್ಲಿ ಪಾಲಿದೆ, ಕೊಡೋಣ. ನಿಧಾನಗತಿಯ ಶಾಟು, ಎದೆ ಗುದ್ದುವ ತಾಳ. ಆದರೆ ಅದೇ ಕ್ಯಾಮೆರಾ, ಅದೇ ಸಂಗೀತ ಯಾರಿಗೆ ಬೇಕಾದರೂ ಸಿಗುತ್ತದೆ, ಎಷ್ಟೋ ಜನಕ್ಕೆ ಸಿಕ್ಕಿದೆ. ತೂಕ ಇರಬೇಕಾದದ್ದು ಹೆಜ್ಜೆಯಲ್ಲಿ. ಮೂವತ್ತೇಳು ವರ್ಷ ಪರದೆಯ ಮೇಲೆ ನಡೆದ ಹೆಜ್ಜೆ ಅದು. ತಮಿಳು ಪ್ರೇಕ್ಷಕರಿಗೆ ಆ ಮೂವತ್ತೇಳು ವರ್ಷ ಗೊತ್ತಿರಲಿಲ್ಲ, ಆದರೂ ಅದರ ಭಾರ ಅವರಿಗೆ ತಲುಪಿತು. ನಟನೆಯಲ್ಲಿ ಇದು ಹೇಗೆ ನಡೆಯುತ್ತದೆ ಎಂದು ಯೋಚಿಸಿದಷ್ಟೂ ಬೆರಗು ಹೆಚ್ಚುತ್ತದೆ. ನೂರಿಪ್ಪತ್ತೈದು ಚಿತ್ರಗಳು ಕೆಲವೇ ನಿಮಿಷಗಳೊಳಗೆ ಅಡಗಿ ಕೂತು, ನೋಡದೇ ಇದ್ದವರಿಗೂ ಕೇಳಿಸಿಬಿಟ್ಟವು!

ಇನ್ನೊಂದು ವಿಚಾರ. ಆ ಕೂಗಿನಲ್ಲಿ, ಕನ್ನಡಿಗರ ಪಾಲಿನಲ್ಲಿ, ಬರೀ ಖುಷಿ ಇರಲಿಲ್ಲ.

2021ರ ಅಕ್ಟೋಬರ್ 29ರಂದು ಶಿವಣ್ಣನ ತಮ್ಮ ಪುನೀತ್ ಹೋದರು. ಅಪ್ಪು ಇಲ್ಲ ಎಂಬುದನ್ನು ನಾಡು ನುಂಗಿಕೊಳ್ಳಲು ಆಗದೆ ಇದ್ದ ಆ ದಿನಗಳಲ್ಲಿ ಎಲ್ಲರ ಕಣ್ಣು ಅಣ್ಣನ ಮೇಲಿತ್ತು. ತಮ್ಮನ ಚಿತ್ರದೆದುರು ಕಣ್ಣೀರು ಹಾಕುತ್ತಲೇ, ಬಂದ ಅಭಿಮಾನಿಗಳಿಗೆ ಸಮಾಧಾನ ಹೇಳುತ್ತಿದ್ದ ಶಿವಣ್ಣನನ್ನು ನೋಡಿ ನಾವೂ ಸಮಾಧಾನ ತಂದುಕೊಂಡೆವು. ಮರುವರ್ಷ, 2022ರ ನವೆಂಬರ್ 1ಕ್ಕೆ ವಿಧಾನಸೌಧದ ಮುಂದೆ ಪುನೀತ್‌ಗೆ ಕರ್ನಾಟಕ ರತ್ನ ಪ್ರದಾನವಾದಾಗ ಜೂನಿಯರ್ ಎನ್‌ಟಿಆರ್ ಜೊತೆ ಬಂದವರು ರಜನಿಕಾಂತ್. ‘ಜೈಲರ್’ ಚಿತ್ರೀಕರಣ ನಡೆಯುತ್ತಿದ್ದ ಕಾಲ ಅದು. ಮಳೆಯಲ್ಲೇ ನಿಂತು, ಕನ್ನಡದಲ್ಲಿ, ನಾಲ್ಕು ವರ್ಷದ ಅಪ್ಪುವನ್ನು ಶಬರಿಮಲೆಗೆ ಹೊರಡುವ ಹೊತ್ತಿನಲ್ಲಿ ಮೊದಲು ಕಂಡದ್ದನ್ನು ಅವರು ನೆನೆದರು. ರಾಜ್‌ಕುಮಾರ್ ಅವರ ಅಭಿಮಾನಿಯಾಗಿ ಬೆಂಗಳೂರಿನಲ್ಲಿ ಬೆಳೆದ ಕಂಡಕ್ಟರ್ ಅವರು, ಆ ಮನೆಯ ಮಕ್ಕಳನ್ನು ಎಳೆವಯಸ್ಸಿನಿಂದ ಬಲ್ಲವರು. ರಜನಿ ಸರ್ ಚಿತ್ರ ಎಂದರೆ ಸಾಕು, ಕಥೆಯನ್ನೂ ಕೇಳದೆ ಒಪ್ಪಿಕೊಂಡೆ ಎಂದು ಶಿವಣ್ಣ ಸಂದರ್ಶನಗಳಲ್ಲಿ ಹೇಳಿದ್ದರ ಹಿಂದೆ ಇಷ್ಟು ಇತಿಹಾಸವಿದೆ.

ಹಾಗಾಗಿ ಪರದೆಯ ಮೇಲೆ ಮುತ್ತುವೇಲ್ ಸಂಸಾರಕ್ಕೆ ಕಾವಲಾಗಿ ನರಸಿಂಹ ಬಂದು ನಿಂತಾಗ ನಮಗೆ ಕಂಡದ್ದು ಬರೀ ಕಥೆಯಲ್ಲ. ಎಷ್ಟೋ ನೋವು ಉಂಡ ಮನೆಯ ಹಿರಿಮಗ ಎದೆ ಸೆಟೆಸಿ ನಿಂತಿದ್ದಾನೆ, ಪಕ್ಕದ ರಾಜ್ಯ ಅವನಿಗೆ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿದೆ. ಶಿಳ್ಳೆ ಹೊಡೆಯಲು ಬೆರಳು ಬಾಯಿಗಿಟ್ಟವರು ಕಣ್ಣೊರೆಸಿಕೊಂಡದ್ದನ್ನೂ ನಾನು ನೋಡಿದ್ದೇನೆ. ಅಭಿಮಾನ ಎಂದರೆ ಬರೀ ಹುಚ್ಚು ಎಂದು ಮೂಗು ಮುರಿಯುವವರಿಗೆ ಇದನ್ನು ವಿವರಿಸುವುದು ಕಷ್ಟ. ವಿವರಿಸಬೇಕಾಗಿಯೂ ಇಲ್ಲ.

ಆಮೇಲಿನದು ಜಾತ್ರೆ. ಯಾರ ಸ್ಟೇಟಸ್ ತೆಗೆದರೂ ಅದೇ ನಡಿಗೆ. ಯಾವ ರೀಲ್ಸ್ ನೋಡಿದರೂ ಕೈಯಲ್ಲಿ ಟಿಶ್ಯೂ ಡಬ್ಬಿ ಹಿಡಿದು ನಿಧಾನಕ್ಕೆ ನಡೆಯುವ ಹುಡುಗರು. ಆ ಒಂದು ಸೀನಿಗಾಗಿ ಮತ್ತೆ ಟಿಕೆಟ್ ತೆಗೆದವರು ನನ್ನ ಪರಿಚಯದಲ್ಲೇ ಇದ್ದಾರೆ. ಎಲ್ಲಕ್ಕಿಂತ ಹೆಚ್ಚು ಖುಷಿ ಕೊಟ್ಟದ್ದು ಇನ್ನೊಂದು: ತಮಿಳು ಹುಡುಗರು ಹಿಂದಕ್ಕೆ ಹೋಗಿ ‘ಮಫ್ತಿ’ ಹುಡುಕಿದರು, ‘ಓಂ’ ಹುಡುಕಿದರು, ‘ಟಗರು’ ನೋಡಿ ಬೆಚ್ಚಿದರು. ಇಷ್ಟು ದಿನ ಎಲ್ಲಿದ್ದರು ಇವರು ಎಂದು ಅವರು ಕೇಳುವಾಗ, ಇಲ್ಲೇ ಇದ್ದರಲ್ಲಪ್ಪಾ, ನಮ್ಮನೆಯಲ್ಲೇ ಎಂದು ಹೇಳುವ ಹೆಮ್ಮೆ ಎಷ್ಟು ಸಿಹಿ! ಚಿತ್ರ ಜಗತ್ತಿನಾದ್ಯಂತ ಆರು ನೂರು ಕೋಟಿ ರೂಪಾಯಿಗೂ ಮಿಕ್ಕಿ ಗಳಿಸಿತು ಎಂದು ವರದಿಯಾಯಿತು. ಆ ಗೆಲುವು ರಜನಿಯವರದು. ಆದರೆ ಅದರೊಳಗೆ ಒಂದು ಹಿಡಿ ಮಂಡ್ಯದ ಮಣ್ಣಿದೆ.

ಆ ತಿಂಗಳು ಮುಗಿಯುವ ಮೊದಲೇ ರಜನಿಯವರೂ ಒಂದು ಅತಿಥಿ ಪಾತ್ರ ಮಾಡಿಬಿಟ್ಟರು, ಅದೂ ಕ್ಯಾಮೆರಾ, ಕಥೆ ಇಲ್ಲದೆ. ಆಗಸ್ಟ್ 29ರಂದು ಯಾರಿಗೂ ಹೇಳದೆ ಕೇಳದೆ ಜಯನಗರದ ಬಿಎಂಟಿಸಿ ಡಿಪೊಗೆ ಬಂದಿಳಿದರು. ಒಂದು ಕಾಲಕ್ಕೆ ಟಿಕೆಟ್ ಹರಿಯುತ್ತಿದ್ದ ಜಾಗ. ಡ್ಯೂಟಿಯಲ್ಲಿದ್ದ ಡ್ರೈವರು, ಕಂಡಕ್ಟರು, ಮೆಕ್ಯಾನಿಕ್ಕುಗಳು ಕಣ್ಣು ಉಜ್ಜಿಕೊಂಡು ನೋಡಿದರು. ಶಿವಣ್ಣ ಅಲ್ಲಿ, ರಜನಿ ಇಲ್ಲಿ! ಚಿತ್ರದ ಹೊರಗೂ ಈ ಎರಡು ಊರುಗಳ ನಡುವೆ ಹೋಗಿಬರುವ ದಾರಿ ಹೀಗೆ ತೆರೆದೇ ಇದೆ.

ತೆರೆದಿದೆ ಎಂದು ಸುಲಭಕ್ಕೆ ಹೇಳಿದೆ, ಆದರೆ ಆ ದಾರಿಯಲ್ಲಿ ಮುಳ್ಳುಗಳೂ ಇವೆ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕಾವೇರಿ ವಿವಾದ ಮತ್ತೆ ಹೊತ್ತಿಕೊಂಡಿತು. 29ರಂದು ಕರ್ನಾಟಕ ಬಂದ್. ಚಿತ್ರರಂಗದವರ ಜೊತೆ ಶಿವಣ್ಣನೂ ರೈತರ ಪರವಾಗಿ ವೇದಿಕೆಯೇರಿದರು. ಅದರ ಹಿಂದಿನ ದಿನ ಬೆಂಗಳೂರಿನಲ್ಲಿ ತಮಿಳು ನಟ ಸಿದ್ಧಾರ್ಥ್ ಅವರ ಸುದ್ದಿಗೋಷ್ಠಿಗೆ ಪ್ರತಿಭಟನಾಕಾರರು ನುಗ್ಗಿ ಅದನ್ನು ನಿಲ್ಲಿಸಿದ್ದರು. ಆ ಬಂದ್ ದಿನವೇ, ಎಲ್ಲರೆದುರು, ಕನ್ನಡ ಚಿತ್ರರಂಗದ ಪರವಾಗಿ ಸಿದ್ಧಾರ್ಥ್ ಅವರ ಕ್ಷಮೆ ಕೇಳಿದವರು ಶಿವಣ್ಣ. ನೀರಿನ ಪ್ರಶ್ನೆಯಲ್ಲಿ ತನ್ನ ನೆಲದ ಜೊತೆ ನಿಂತು, ಮನೆಗೆ ಬಂದ ಅತಿಥಿಗೆ ಆದ ನೋವಿಗೆ ಮರುಗಿ, ಎರಡನ್ನೂ ಒಂದೇ ದಿನ ಮಾಡುವುದಕ್ಕೆ ಎದೆ ಬೇಕು. ನರಸಿಂಹನಿಗೆ ಸಿಕ್ಕ ಪ್ರೀತಿ ಎಂಥ ಮನುಷ್ಯನಿಗೆ ಸಿಕ್ಕಿತು ಎಂದು ಆವತ್ತು ಆಚೆಯವರಿಗೂ ಗೊತ್ತಾಯಿತು.

ಮುಂದಿನ ಸಂಕ್ರಾಂತಿಗೆ, 2024ರ ಜನವರಿ 12ರಂದು, ‘ಕ್ಯಾಪ್ಟನ್ ಮಿಲ್ಲರ್’ ಬಂತು. ಧನುಷ್ ಜೊತೆ, ಅವರ ಅಣ್ಣನಾಗಿ ಶಿವಣ್ಣ. ಹದಿನೇಳು ವರ್ಷದ ಹಿಂದೆ ಶಿವಣ್ಣನ ಜೋಗಿಯನ್ನು ತನ್ನ ಮೈಮೇಲೆ ತಂದುಕೊಂಡಿದ್ದ ಹುಡುಗನ ಪಕ್ಕದಲ್ಲಿ ಅಸಲಿ ಜೋಗಿ! ಈ ಸಲ ತಮಿಳುನಾಡಿನ ಚಿತ್ರಮಂದಿರಗಳಲ್ಲಿ ಯಾರು ಈತ ಎಂದು ಕೇಳುವ ಪ್ರಮೇಯವೇ ಬರಲಿಲ್ಲ, ಮುಖ ಕಂಡೊಡನೆ ಶಿಳ್ಳೆ. ಅದೇ ವರ್ಷ ನರ್ತನ್ ‘ಮಫ್ತಿ’ಯ ಹಿಂದಿನ ಕಥೆಯನ್ನು ‘ಭೈರತಿ ರಣಗಲ್’ ಆಗಿ ತಂದರು. ಡಿಸೆಂಬರಿನಲ್ಲಿ ಶಿವಣ್ಣ ಅಮೆರಿಕದ ಮಿಯಾಮಿಯಲ್ಲಿ ಕ್ಯಾನ್ಸರ್ ಶಸ್ತ್ರಚಿಕಿತ್ಸೆಗೆ ಒಳಗಾದಾಗ ನಾಡೆಲ್ಲ ಉಸಿರು ಬಿಗಿಹಿಡಿದು ಕಾದಿತು, ಊರೂರ ದೇವಸ್ಥಾನಗಳಲ್ಲಿ ಹರಕೆ, ಪೂಜೆ. ಗೆದ್ದು ಬಂದರು, ಬಂದವರೇ ಮತ್ತೆ ಬಣ್ಣ ಹಚ್ಚಿದರು.

2025ರ ಜನವರಿಯಲ್ಲಿ ‘ಜೈಲರ್ 2’ ಘೋಷಣೆಯಾಯಿತು. ಅದೇ ನೆಲ್ಸನ್, ಅದೇ ಮುತ್ತುವೇಲ್. ನಾನೂ ಇರುತ್ತೇನೆ ಎಂದು ಶಿವಣ್ಣನೇ ಹೇಳಿದ್ದಾರೆ. ನರಸಿಂಹ ಈ ಸಲ ಕೈಯಲ್ಲಿ ಏನು ಹಿಡಿದು ಬರುತ್ತಾನೆ ಎಂದು ಅಭಿಮಾನಿಗಳು ಈಗಲೇ ಪಣ ಕಟ್ಟುತ್ತಿದ್ದಾರೆ. ಒಬ್ಬ ಕರವಸ್ತ್ರ ಅನ್ನುತ್ತಾನೆ, ಇನ್ನೊಬ್ಬ ತಾಂಬೂಲದ ತಟ್ಟೆ ಅನ್ನುತ್ತಾನೆ, ಮಂಡ್ಯದ ಹುಡುಗನೊಬ್ಬ ಕಬ್ಬಿನ ಜಲ್ಲೆಯೇ ಆಗಬೇಕು ಎಂದು ಹಠ ಹಿಡಿದಿದ್ದಾನೆ. ನನ್ನ ಮತವೂ ಕಬ್ಬಿನ ಜಲ್ಲೆಗೇ!